ಮೈಸೂರಿನ ಮನೆಗಳಲ್ಲಿ ನೀರು, ಒಲೆ, ಬಚ್ಚಲು: ಗೃಹಸ್ಥರ ಸ್ವಹಸ್ತದ ದುರಸ್ತಿಯ ಇತಿಹಾಸ

ಕನ್ನಡನಾಡಿನ ಶಾಸನಗಳಲ್ಲಿ ದುರಸ್ತಿಯ ಮಾತು ಅಪರೂಪವಾದುದಲ್ಲ. ದೇವಾಲಯಗಳಿಗೆ ಬಿಟ್ಟ ದತ್ತಿಗಳಲ್ಲಿ ಅಂಗಭೋಗ ರಂಗಭೋಗಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು ಭೂಮಿಯನ್ನೋ ಸುಂಕದ ಪಾಲನ್ನೋ ಮುಡಿಪಾಗಿಡುತ್ತಿದ್ದರು. ಕೆರೆಗಳಿಗೆ ಬಿತ್ತುವಟ್ಟವೂ ಕಟ್ಟುಕೊಡಗೆಯೂ ಇದ್ದುವು. ಹೀಗೆ ಗುಡಿ, ಕೆರೆ, ಕಟ್ಟೆಗಳ ದುರಸ್ತಿಯು ಕಲ್ಲಿನ ಮೇಲೆ ಬರೆಯತಕ್ಕ ಪುಣ್ಯಕಾರ್ಯವೆನಿಸಿದ್ದರೆ, ಅದೇ ಕಾಲದ ಜನರು ತಾವು ವಾಸಿಸುತ್ತಿದ್ದ ಮನೆಯ ಸೋರುವ ಮಾಡನ್ನು, ಬಿರಿದ ಒಲೆಯನ್ನು, ಕಟ್ಟಿಕೊಂಡ ಮೋರಿಯನ್ನು ಹೇಗೆ ಸರಿಪಡಿಸಿಕೊಳ್ಳುತ್ತಿದ್ದರೆಂಬುದನ್ನು ಯಾರೂ ಬರೆದಿಡಲಿಲ್ಲ. ಅದು ಪುಣ್ಯವೂ ಅಲ್ಲ, ಕೀರ್ತಿಯೂ ಅಲ್ಲ, ಕೇವಲ ಗೃಹಕೃತ್ಯ. ಆದುದರಿಂದ ಈ ವಿಷಯದ ಇತಿಹಾಸವನ್ನು ಶಾಸನಗಳಿಗಿಂತ ಹೆಚ್ಚಾಗಿ ಮನೆಗಳ ರಚನೆಯಿಂದಲೂ, ಹಬ್ಬಗಳ ಆಚರಣೆಯಿಂದಲೂ, ಬಳಕೆಯ ಮಾತುಗಳಿಂದಲೂ ಊಹಿಸಿ ತಿಳಿಯಬೇಕಾಗಿದೆ. ಮೈಸೂರು ನಗರವು ಇದಕ್ಕೆ ಒಳ್ಳೆಯ ಕ್ಷೇತ್ರ. ಅದರಲ್ಲಿಯೂ ನಗರದ ದಕ್ಷಿಣಕ್ಕಿರುವ ವಿದ್ಯಾರಣ್ಯಪುರಂ ಬಡಾವಣೆಯು ಈ ವಿಚಾರಕ್ಕೆ ವಿಶೇಷವಾಗಿ ಸಂಬಂಧಪಟ್ಟಿದೆ. ಏಕೆಂದರೆ ಊರಿನ ಅನೇಕ ಬಚ್ಚಲುಗಳ ನೀರು ಕೊನೆಗೆ ಹರಿದು ಸೇರುವುದು ಅಲ್ಲಿಗೆ.

ಗೃಹೋಪಯೋಗಿ ವಿದ್ಯೆಗಳನ್ನು ಕನ್ನಡದಲ್ಲಿ ಬರೆಯುವ ಪ್ರಯತ್ನ ಬಹು ಹಿಂದೆಯೇ ನಡೆದಿತ್ತು. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಇಂತಹ ಗ್ರಂಥ. ಇವನು ಶ್ರವಣಬೆಳಗೊಳದ ಚಾವುಂಡರಾಯನಲ್ಲ. ಈ ಗ್ರಂಥದಲ್ಲಿ ವಾಸ್ತುವೂ, ಭೂಮಿಯೊಳಗಿನ ನೀರಿನ ಸೆಲೆಯನ್ನು ಗುರುತಿಸುವ ಉದಕಾರ್ಗಳವೂ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಸೂಪಶಾಸ್ತ್ರ, ವೈದ್ಯಗಳೂ ಒಂದರ ಪಕ್ಕದಲ್ಲೊಂದು ಬಂದಿವೆ. ಇದಾದ ಸುಮಾರು ನೂರು ವರ್ಷಕ್ಕೆ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನು ರಾಜಭೋಗಗಳಲ್ಲಿ ಒಂದೆಂದೆಣಿಸಿ ಬೇರೆಯಾಗಿಯೇ ವರ್ಣಿಸಿದೆ. ಬಾವಿಯನ್ನು ಎಲ್ಲಿ ತೋಡಬೇಕೆಂಬುದು ಶಾಸ್ತ್ರವಾಯಿತು, ಮೀಯುವುದು ಭೋಗವಾಯಿತು. ತೋಡಿದ ಬಾವಿಯ ಹೂಳನ್ನು ಎತ್ತುವುದು ಮಾತ್ರ ಶಾಸ್ತ್ರವೂ ಆಗಲಿಲ್ಲ, ಭೋಗವೂ ಆಗಲಿಲ್ಲ. ವಿದ್ಯೆಯೆಂದು ಬರಹಕ್ಕೆ ಏರಿದುದು ಹೊಸದನ್ನು ಮಾಡುವ ಕೆಲಸ. ಇದ್ದುದನ್ನು ಉಳಿಸಿಕೊಳ್ಳುವ ಕೆಲಸ ಕೈಯಿಂದ ಕೈಗೆ, ಹೆಚ್ಚಾಗಿ ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದಿತು.

ಅರಸರ ಜಲವ್ಯವಸ್ಥೆಯ ಕಥೆಯೇ ಬೇರೆ. ವಿಜಾಪುರದಲ್ಲಿ ಮಹಮ್ಮದ್ ಆದಿಲಶಹನ ಕಾಲದಲ್ಲಿ, ೧೬೫೧ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಗಾರೆಯ ಕಟ್ಟಡದೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕ ನೀರು ಪಟ್ಟಣಕ್ಕೆ ಬರುತ್ತಿತ್ತು. ನೀರಿನ ಒತ್ತಡದಿಂದ ಕೊಳವೆ ಒಡೆಯದಂತೆ ನಡುನಡುವೆ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. ಮೈಸೂರು ಸೀಮೆಯಲ್ಲಿಯೂ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆಯ ನೀರನ್ನು ಕಾವೇರಿಯ ಕವಲಿನ ಮೇಲೆಯೇ ದಾಟಿಸಿ ಶ್ರೀರಂಗಪಟ್ಟಣಕ್ಕೆ ತಂದರು. ಆದರೆ ಇವೆಲ್ಲ ಅರಮನೆ, ಉದ್ಯಾನ, ಪೇಟೆಯ ತೊಟ್ಟಿಗಳವರೆಗಿನ ವ್ಯವಸ್ಥೆಗಳು. ಸಾಮಾನ್ಯ ಗೃಹಸ್ಥನ ಬಚ್ಚಲಿಗೆ ಕೊಳವೆಯು ಹೊಕ್ಕಿರಲಿಲ್ಲ.

ಇದಕ್ಕೆ ಒಂದು ಮುಖ್ಯವಾದ ಅಪವಾದವುಂಟು. ಮಲೆನಾಡಿನಲ್ಲಿಯೂ ಕರಾವಳಿಯ ಒಳನಾಡಿನಲ್ಲಿಯೂ ಗುಡ್ಡದ ಅಬ್ಬಿಯ ನೀರನ್ನು ಮನೆಯವರೇ ಅಡಕೆಮರದ ದಬ್ಬೆಗಳನ್ನು ಸಾಲಾಗಿ ಜೋಡಿಸಿ ಹಿತ್ತಲಿಗೆ ತರುತ್ತಿದ್ದರು. ಕಾಸರಗೋಡು, ಪುತ್ತೂರು, ಸುಳ್ಯದ ಸೀಮೆಗಳಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗವನ್ನು ಕೊರೆದು, ಒಸರುವ ನೀರನ್ನು ಅದೇ ರೀತಿಯಾಗಿ ಹರಿಸಿಕೊಳ್ಳುವ ಪದ್ಧತಿ ಇಂದಿಗೂ ಪೂರ್ತಿ ನಿಂತುಹೋಗಿಲ್ಲ. ಅಲ್ಲಿ ಪ್ರತಿಯೊಬ್ಬ ಕೃಷಿಕನೂ ತನ್ನ ಮಟ್ಟಿಗೆ ಜಲಶಿಲ್ಪಿಯೇ. ದಬ್ಬೆ ಕೊಳೆತರೆ ತೋಟದಲ್ಲಿ ಇನ್ನೊಂದು ಮರವಿದೆ. ನೀರು ಬರುವುದು ನಿಂತರೆ ದಬ್ಬೆಯ ಸಾಲನ್ನು ಹಿಡಿದು ಮೇಲಕ್ಕೆ ನಡೆದರೆ ತೊಂದರೆ ಎಲ್ಲಿದೆಯೆಂದು ಕಣ್ಣಿಗೇ ಕಾಣುತ್ತದೆ. ಕೊಳವೆಯ ಕೆಲಸವನ್ನು ಗೃಹಸ್ಥರು ತಾವೇ ಮಾಡಿಕೊಳ್ಳುತ್ತಿದ್ದರೆಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ಹಳೆಯ ಉದಾಹರಣೆಯನ್ನು ಹುಡುಕುವುದು ಕಷ್ಟ.

ಬಯಲುಸೀಮೆಯ ಮೈಸೂರಿಗೆ ಆ ಭಾಗ್ಯವಿರಲಿಲ್ಲ. ಊರು ಕಾವೇರಿಗಿಂತ ಎತ್ತರದಲ್ಲಿದೆ. ದಿವಾನ್ ಪೂರ್ಣಯ್ಯನವರು ನದಿಯ ನೀರನ್ನು ನಾಲೆಯ ಮೂಲಕ ತರಲು ಆರಂಭಿಸಿದ ಕಾರ್ಯ ಕೊನೆಮುಟ್ಟಲಿಲ್ಲ. ಅವರ ಹೆಸರಿನ ನಾಲೆಯು ಮುಂದೆ ಮಳೆಯ ನೀರನ್ನು ಕುಕ್ಕರಹಳ್ಳಿ ಕೆರೆಗೆ ಹಾಯಿಸುವುದಕ್ಕೆ ಒದಗಿತು. ಆ ಕೆರೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೬೪ರಲ್ಲಿ ಆದುದು. ಕೆರೆಗಳೂ ಕೊಳಗಳೂ ಇದ್ದರೂ ಮನೆಯ ನಿತ್ಯದ ಬಳಕೆಗೆ ಆಧಾರವಾಗಿದ್ದುದು ಹಿತ್ತಲಿನ ಅಥವಾ ಬೀದಿಯ ಬಾವಿ.

ಬಾವಿಯ ಸುತ್ತ ಬೆಳೆದ ದುರಸ್ತಿಯ ವಿದ್ಯೆ ಸಣ್ಣದಲ್ಲ. ರಾಟೆಯ ಅಚ್ಚಿಗೆ ಎಣ್ಣೆ ಹಾಕುವುದು, ಸವೆದ ಹಗ್ಗವನ್ನು ತುದಿ ಬದಲಾಯಿಸಿ ಕಟ್ಟುವುದು, ಬೇಸಗೆಯಲ್ಲಿ ನೀರು ತಗ್ಗಿದಾಗ ಇಳಿದು ಹೂಳೆತ್ತುವುದು, ಕಟ್ಟೆಯ ಬಿರುಕಿಗೆ ಸುಣ್ಣದ ಗಾರೆಯನ್ನು ತುಂಬುವುದು, ಇವು ವರ್ಷಂಪ್ರತಿಯ ಕೆಲಸಗಳು. ಹಗ್ಗದಿಂದ ಕಳಚಿ ಬಿದ್ದ ಕೊಡವನ್ನು ಎತ್ತುವುದಕ್ಕೆ ಪಾತಾಳಗರಡಿಯೆಂಬ ಸಾಧನವಿತ್ತು. ಅದು ಹಲವು ಕೊಂಡಿಗಳನ್ನು ಒಂದು ಗೊಂಚಲಾಗಿ ಕೂಡಿಸಿದ ಕಬ್ಬಿಣದ ಉಪಕರಣ. ಅದನ್ನು ಹಗ್ಗಕ್ಕೆ ಕಟ್ಟಿ ಬಾವಿಗಿಳಿಸಿ, ತಳವನ್ನು ಮೆಲ್ಲನೆ ಕಲಕುತ್ತ ಹೋದರೆ ಯಾವುದಾದರೊಂದು ಕೊಂಡಿ ಕೊಡದ ಕಂಠಕ್ಕೆ ಸಿಕ್ಕಿಕೊಳ್ಳುತ್ತದೆ. ಇದು ಮನೆಮನೆಯಲ್ಲಿಯೂ ಇರುತ್ತಿರಲಿಲ್ಲ. ಬೀದಿಯ ಒಂದೆರಡು ಮನೆಗಳಲ್ಲಿದ್ದುದನ್ನು ಉಳಿದವರು ಕಡ ತರುತ್ತಿದ್ದರು. ಕಣ್ಣಿಗೆ ಕಾಣದ ವಸ್ತುವನ್ನು ಹಗ್ಗದ ಮೂಲಕ ಕೈಗೆ ಬರುವ ಅದುರಿನಿಂದಲೇ ಗುರುತಿಸಬೇಕಾದ ಈ ಕೆಲಸದಲ್ಲಿ ನುರಿತವರೆಂದು ಹೆಸರಾದವರು ಪ್ರತಿ ಕೇರಿಯಲ್ಲಿಯೂ ಇದ್ದರೆಂದರೆ ಆಶ್ಚರ್ಯವಿಲ್ಲ.

ಮನೆಯನ್ನೇ ಬೆಚ್ಚಗಿಡುವ ಅಗತ್ಯವು ಮೈಸೂರಿನ ಹವೆಯಲ್ಲಿ ಇಲ್ಲ. ಇಲ್ಲಿ ಕಾಯಿಸಬೇಕಾದುದು ಮೀಯುವ ನೀರು ಮಾತ್ರ. ಯೂರೋಪಿನ ಮನೆಗಳಲ್ಲಿ ಅಗ್ಗಿಷ್ಟಿಕೆಗೆ ಇದ್ದ ಸ್ಥಾನವು ಇಲ್ಲಿ ಹಂಡೆಯ ಒಲೆಗೆ ಸಂದಿತೆನ್ನಬಹುದು. ತಾಮ್ರದ ದೊಡ್ಡ ಹಂಡೆಯನ್ನು ಬಚ್ಚಲುಮನೆಯ ಮೂಲೆಯಲ್ಲಿ ಮಣ್ಣಿನ ಅಥವಾ ಇಟ್ಟಿಗೆಯ ಒಲೆಯೊಳಗೆ ಕುತ್ತಿಗೆಯವರೆಗೂ ಹೂತು, ಸುತ್ತ ಮಣ್ಣು ಮೆತ್ತಿ, ಕೆಳಗೆ ಉರಿಯನ್ನು ಹಾಕುವುದು ಪದ್ಧತಿ. ಹಂಡೆ ಎತ್ತಲಾಗದಷ್ಟು ಭಾರವಾದುದರಿಂದ ನೀರನ್ನು ಚೆಂಬಿನಿಂದಲೇ ಮೊಗೆಯಬೇಕು. ಉರುವಲಾದರೋ ತೆಂಗಿನ ಗರಿ, ಮಟ್ಟೆ, ಚಿಪ್ಪು, ಹೊಟ್ಟು, ಬೆರಣಿ ಮುಂತಾದ, ಅಡಿಗೆಯ ಒಲೆಗೆ ಸಲ್ಲದ ವಸ್ತುಗಳು. ಮನೆಯ ಕಸದಲ್ಲಿ ಉರಿಯತಕ್ಕದ್ದೆಲ್ಲವೂ ಹೀಗೆ ಬಿಸಿನೀರಾಗುತ್ತಿತ್ತು. ಆದರೆ ಹೊಗೆ ಮಾತ್ರ ಅಪಾರ. ಅದು ಹೋಗುವುದಕ್ಕೆ ಮಾಡಿನ ಸಂದಿಯೊಂದೇ ದಾರಿ.

ಈ ಒಲೆಯ ಮಣ್ಣು ಕಾವಿಗೆ ಬಿರಿಯುವುದು ಸಹಜ. ಬಿರುಕು ಬಿಟ್ಟ ಕಡೆಯಿಂದ ಉರಿಯ ನಾಲಗೆ ಹೊರಕ್ಕೆ ಚಾಚಿ, ಶಾಖವು ಹಂಡೆಗೆ ತಾಗದೆ ವ್ಯರ್ಥವಾಗುತ್ತದೆ. ಆದುದರಿಂದ ಜೇಡಿಮಣ್ಣಿಗೆ ಹೊಟ್ಟನ್ನೂ ಸಗಣಿಯನ್ನೂ ಬೆರಸಿ ನಾದಿ, ಬಿರುಕಿಗೆ ನೀರು ಚಿಮುಕಿಸಿ, ಮೆತ್ತಿ ಒಣಗಿಸಬೇಕು. ಹೊಟ್ಟನ್ನು ಸೇರಿಸುವುದು ಮಣ್ಣು ಒಣಗುವಾಗ ಸೆಳೆದು ಬಿರಿಯದಿರಲೆಂದು. ಇದನ್ನು ಮಾಡುತ್ತಿದ್ದವರು ಹೆಂಗಸರು. ‘ಗೃಹಸ್ಥ’ನೆಂಬ ಪುಲ್ಲಿಂಗಶಬ್ದವನ್ನು ಶಾಸ್ತ್ರಗ್ರಂಥಗಳು ಎಷ್ಟೇ ಬಳಸಲಿ, ಮನೆಯ ನಿತ್ಯದ ದುರಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗೃಹಿಣಿಯದೆಂಬುದನ್ನು ಒಪ್ಪಲೇಬೇಕು. ನೆಲವನ್ನು ಸಾರಿಸುವುದು, ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು ಬಳಿಯುವುದು, ಒಲೆ ಹಾಕುವುದು, ಸೋರುವ ಕೊಡಕ್ಕೆ ಮೇಣ ಮೆತ್ತಿ ಕಂಚುಗಾರನು ಬರುವವರೆಗೆ ಕಾಲ ತಳ್ಳುವುದು ಇವೆಲ್ಲವೂ ಅವಳವೇ. ಹಂಡೆ ಸೋರಿದರೆ ಮಾತ್ರ ಮೇಣವು ಕೆಲಸಕ್ಕೆ ಬಾರದು. ಅದಕ್ಕೆ ಬೆಸುಗೆಯೇ ಆಗಬೇಕು. ಬೆಸುಗೆಗಾಗಿ ಒಲೆಯನ್ನು ಒಡೆಯಲೂ ಬೇಕು.

ದುರಸ್ತಿಗೆ ಪಂಚಾಂಗದಲ್ಲಿಯೇ ದಿನ ಗೊತ್ತಾಗಿದ್ದುದು ಗಮನಿಸತಕ್ಕ ವಿಷಯ. ನರಕಚತುರ್ದಶಿಯ ಹಿಂದಿನ ಸಂಜೆ ನಡೆಯುವ ನೀರು ತುಂಬುವ ಹಬ್ಬದಲ್ಲಿ ಬಚ್ಚಲುಮನೆಯ ಜೇಡ ಮಸಿಗಳನ್ನು ತೆಗೆದು, ಹಂಡೆಯೊಳಗಿನ ಹಳೆಯ ನೀರನ್ನು ಪೂರ್ತಿಯಾಗಿ ಬರಿದುಮಾಡಿ, ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ, ಒಲೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆಗಳನ್ನು ಬಳಿದು, ಹಂಡೆಯ ಕಂಠಕ್ಕೆ ಹಿಂಡಲಕಾಯಿಯ ಬಳ್ಳಿಯನ್ನು ಸುತ್ತಿ ಹೊಸ ನೀರನ್ನು ತುಂಬುತ್ತಾರೆ. ಇದರ ಧಾರ್ಮಿಕಾರ್ಥವು ಏನೇ ಇರಲಿ, ವರ್ಷಕ್ಕೊಮ್ಮೆ ಹಂಡೆಯನ್ನು ಬರಿದುಮಾಡಿ ತಿಕ್ಕದೆ ಅದರ ತೂತು, ತಗ್ಗು, ತಳದ ಗಸಿಗಳು ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲದ ತೇವದಲ್ಲಿ ಸಡಿಲಿದ ಒಲೆಯ ಮಣ್ಣನ್ನು ಚಳಿಗಾಲಕ್ಕೆ ಮುಂಚೆ ಸರಿಪಡಿಸುವುದಕ್ಕೂ ಇದಕ್ಕಿಂತ ಒಳ್ಳೆಯ ಸಮಯ ಬೇರೊಂದಿಲ್ಲ. ಇದಕ್ಕೆ ಕೆಲವೇ ವಾರಗಳ ಹಿಂದೆ ಬರುವ ಆಯುಧಪೂಜೆಯಲ್ಲಿ ಗುದ್ದಲಿ, ಹಾರೆ, ಈಳಿಗೆಮಣೆಗಳೂ ತೊಳೆಸಿಕೊಳ್ಳುತ್ತವೆ. ಮಾಡಿನ ಕೆಲಸವು ಮುಂಗಾರಿಗೆ ಮುನ್ನ. ನಾಡಹಂಚುಗಳನ್ನು ಕೈಯಾಡಿಸಿ, ಒಡೆದುವನ್ನು ತೆಗೆದು ಹೊಸವನ್ನು ಹೊದಿಸುವ ಈ ಕೆಲಸಕ್ಕೆ ಗಂಡಸರು ಏರುತ್ತಿದ್ದರು, ಅಥವಾ ಕೂಲಿಯವರನ್ನು ಏರಿಸುತ್ತಿದ್ದರು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚು ಹರಡಿತು. ಆಗ ವರ್ಷವರ್ಷವೂ ಕೈಯಾಡಿಸುವ ಶ್ರಮ ಬಹಳಮಟ್ಟಿಗೆ ತಪ್ಪಿತು.

ಇಲ್ಲಿಯವರೆಗೆ ಹೇಳಿದುದನ್ನು ನೋಡಿದರೆ ಹಳೆಯ ಮೈಸೂರಿನ ಮನೆಯವರು ಎಲ್ಲ ಕೆಲಸಕ್ಕೂ ತಾವೇ ಕೈಹಾಕುತ್ತಿದ್ದರೆಂದು ತೋರಬಹುದು. ಇಂದಿನ ಕೆಲವು ಲೇಖಕರು ಆ ಕಾಲವನ್ನು ಸ್ವಾವಲಂಬನೆಯ ಸುವರ್ಣಯುಗವೆಂದು ಹೊಗಳುವುದೂ ಉಂಟು. ಆದರೆ ಅದು ಅರ್ಧಸತ್ಯ. ಬಚ್ಚಲು ಎಂಬ ಶಬ್ದವನ್ನೇ ನೋಡಬಹುದು. ಅದಕ್ಕೆ ಮೀಯುವ ಸ್ಥಳವೆಂಬ ಅರ್ಥವೂ ಇದೆ, ಕೊಳೆನೀರಿನ ಮೋರಿಯೆಂಬ ಅರ್ಥವೂ ಇದೆ. ಒಂದೇ ಶಬ್ದದ ಒಳಗೆ ಮಡಿಯೂ ಮೈಲಿಗೆಯೂ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ಹಂಡೆಯಿಂದ ಬಚ್ಚಲಕಲ್ಲಿನವರೆಗೆ ಮನೆಯವರ ಕೈ. ಕಲ್ಲಿನಿಂದಾಚೆ ಹರಿದ ನೀರು ಹಿತ್ತಲಿನ ಬಾಳೆಗೂ ಕೆಸುವಿಗೂ ಹೋದರೆ ಅಲ್ಲಿಯೂ ಮನೆಯವರ ಕೈಯೇ. ಆದರೆ ಪಾಯಿಖಾನೆಯಿದ್ದ ಮನೆಗಳಲ್ಲಿ ಅದನ್ನು ಬಳಿದು ಹೊರುವ ಕೆಲಸಕ್ಕೆ ಮನೆಯವರಾರೂ ಎಂದೂ ಕೈಹಚ್ಚಿದುದಿಲ್ಲ. ಅದನ್ನು ಹುಟ್ಟಿನಿಂದಲೇ ಕೆಲವು ಜಾತಿಗಳ ತಲೆಗೆ ಕಟ್ಟಿತ್ತು. ಸ್ವಹಸ್ತದ ದುರಸ್ತಿಗೆ ಒಂದು ಎಲ್ಲೆಯಿತ್ತು. ಆ ಎಲ್ಲೆಯನ್ನು ಹಾಕಿದ್ದು ಕೆಲಸದ ಕಷ್ಟವಲ್ಲ, ಜಾತಿ. ಮೂವತ್ತು ಅಡಿ ಆಳದ ಬಾವಿಗೆ ಇಳಿಯಲು ಅಂಜದವನು ಮೂರು ಅಡಿಯ ಮೋರಿಗೆ ಕೈಯಿಡಲು ಒಪ್ಪುತ್ತಿರಲಿಲ್ಲ.

ಈ ಎಲ್ಲೆಯ ಸಾಕ್ಷಿಯು ಮೈಸೂರಿನ ಭೂಪಟದಲ್ಲಿಯೇ ಉಳಿದಿದೆ. ೧೮೯೮ರಲ್ಲಿ ಸಂಸ್ಥಾನವನ್ನು ಹೊಕ್ಕ ಪ್ಲೇಗಿನಿಂದ ಜನರು ತತ್ತರಿಸಿದ ತರುವಾಯ, ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕುಗಳುಳ್ಳ ಬಡಾವಣೆಗಳನ್ನು ನಿರ್ಮಿಸುವ ಉದ್ದೇಶದಿಂದ ೧೯೦೩ರಲ್ಲಿ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಲುಗಳ ನಡುವೆ ಕನ್ಸರ್ವೆನ್ಸಿ ಗಲ್ಲಿಯೆಂಬ ಕಿರುದಾರಿಯು ಕಾಣುತ್ತದೆ. ಮುಂಬಾಗಿಲಿನ ಬೀದಿಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದಲೇ ಬಂದು ಪಾಯಿಖಾನೆಯನ್ನು ಬಳಿದುಕೊಂಡು ಹೋಗುವವರಿಗಾಗಿ ಬಿಟ್ಟ ದಾರಿ ಅದು. ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಆ ಕಾಲಕ್ಕೆ ಇದು ಮುಂದುವರಿದ ಯೋಜನೆಯೆಂಬುದರಲ್ಲಿ ಸಂದೇಹವಿಲ್ಲ. ಹಾಗಿದ್ದರೂ, ಬಾಯಿಮಾತಿನ ರೂಢಿಯಾಗಿದ್ದ ಒಂದು ಭೇದವನ್ನು ಅದು ಕಲ್ಲು ಗಾರೆಗಳಲ್ಲಿ ಸ್ಥಿರಗೊಳಿಸಿತೆಂಬುದೂ ಅಷ್ಟೇ ನಿಜ. ಗಲ್ಲಿಯ ಇತಿಹಾಸವನ್ನು ಅರಿಯದವರು ಇಂದು ಅದನ್ನು ವಾಹನ ನಿಲ್ಲಿಸುವ ಜಾಗವೆಂದು ತಿಳಿದಾರು.

ಇದರ ನಡುವೆಯೇ ಕೊಳವೆಯ ನೀರು ಬಂದಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಅಂದರೆ ವಾಣೀವಿಲಾಸ ಸನ್ನಿಧಾನದವರು, ರಾಜಪ್ರತಿನಿಧಿಗಳಾಗಿದ್ದ ಕಾಲದಲ್ಲಿ, ೧೮೯೬ರಲ್ಲಿ, ಬೆಳಗೊಳದ ಬಳಿ ಕಾವೇರಿಯ ನೀರನ್ನು ಎತ್ತಿ ಊರಿಗೆ ಒದಗಿಸುವ ಕಾರ್ಯವು ಕೈಗೂಡಿತು. ನಗರದ ನೀರು ಸರಬರಾಜು ವಿಭಾಗವು ಇಂದಿಗೂ ವಾಣಿವಿಲಾಸ ನೀರು ಸರಬರಾಜು ಕಾರ್ಯಾಗಾರವೆಂಬ ಹೆಸರನ್ನೇ ಹೊತ್ತಿದೆ. ಪೂರ್ಣಯ್ಯನವರ ನಾಲೆಗೆ ಸಾಧ್ಯವಾಗದುದು ಯಂತ್ರಕ್ಕೆ ಸಾಧ್ಯವಾಯಿತು. ಮೊದಲು ಬೀದಿಯ ಮೂಲೆಗೆ, ಕ್ರಮೇಣ ಹಿತ್ತಲಿಗೆ, ಕೊನೆಗೆ ಬಚ್ಚಲುಮನೆಯೊಳಕ್ಕೇ ನೀರು ಬಂದುದರಿಂದ, ದಿನಕ್ಕೆ ಹತ್ತಾರು ಕೊಡ ಸೇದಿ ಹೊರುತ್ತಿದ್ದ ಹೆಂಗಸರ ತೋಳು ಸೊಂಟಗಳಿಗೆ ದೊರೆತ ಬಿಡುವನ್ನು ಯಾವ ಆಡಳಿತ ವರದಿಯೂ ಲೆಕ್ಕಹಾಕಲಾರದು.

ಹೊಸ ವಸ್ತುವಿಗೆ ಹೆಸರು ಬೇಕಾಯಿತು. ಮೈಸೂರಿನವರು ಅದನ್ನು ನಲ್ಲಿಯೆಂದೂ ಕೊಳಾಯಿಯೆಂದೂ ಕರೆದರು. ಧಾರವಾಡದ ಕಡೆ ನಳವೆಂಬ ಮಾತು ನಿಂತಿತು. ಕೊಳಾಯಿಯು ತಮಿಳಿನ ಕುೞಾಯ್ ಶಬ್ದಕ್ಕೆ ಹತ್ತಿರವಾದುದು. ಕೊಳಲು, ಕೊಳವೆಗಳೂ ಅದೇ ಬಳಗದವು. ನಲ್ಲಿಯೆಂದರೆ ಟೊಳ್ಳಾದ ನಳಿಗೆ. ನಲ್ಲಿಮೂಳೆಯೆಂಬ ಮಾತಿನಲ್ಲಿಯೂ ಅದೇ ಅರ್ಥವಿದೆ. ನೀರನ್ನು ತಡೆದು ಬಿಡುವ ತಿರುಪಿಗೂ ನೀರು ಬರುವ ಕೊಳವೆಗೂ ಜನರು ಬೇರೆ ಬೇರೆ ಹೆಸರುಗಳನ್ನು ಕೊಡಲಿಲ್ಲ. ‘ನಲ್ಲಿ ಬಂತು’ ಎಂದರೆ ನೀರು ಬಂತೆಂದೂ, ‘ನಲ್ಲಿ ಹಾಕಿಸಿದರು’ ಎಂದರೆ ಕೊಳವೆಯ ಸಂಬಂಧ ಪಡೆದರೆಂದೂ, ‘ನಲ್ಲಿ ನಿಲ್ಲಿಸು’ ಎಂದರೆ ತಿರುಪನ್ನು ಬಿಗಿ ಎಂದೂ ಅರ್ಥ. ಆದರೆ ಅದರ ಒಳಭಾಗಗಳಾದ ವಾಷರು, ವಾಲ್ವು, ನಟ್ಟು, ಎಲ್ಬೋ, ಸಾಕೆಟ್ಟುಗಳಿಗೆ ಕನ್ನಡದ ಹೆಸರು ಹುಟ್ಟಲೇ ಇಲ್ಲ. ಬಾವಿಯ ಸಲಕರಣೆಗಳಿಗೆಲ್ಲ ಮನೆಮಾತಿನ ಹೆಸರುಗಳಿದ್ದು, ನಲ್ಲಿಯ ಅಂಗಗಳಿಗೆಲ್ಲ ಅಂಗಡಿಯ ಹೆಸರುಗಳಿರುವುದನ್ನು ನೋಡಿದರೆ, ಈ ವಸ್ತುವಿನ ಒಳಗನ್ನು ಮೊದಲು ಅರಿತವರು ಮನೆಯವರಲ್ಲ, ಫಿಟ್ಟರುಗಳು ಎಂದು ಊಹಿಸಬಹುದು.

ಬಾವಿ ಮನೆಯ ಸ್ವತ್ತು, ನಲ್ಲಿ ಹಾಗಲ್ಲ. ಬೀದಿಯ ದೊಡ್ಡ ಕೊಳವೆಯೂ ಅದರಿಂದ ಕವಲೊಡೆಯುವ ಸಂಧಿಯೂ ನಗರಸಭೆಯವು. ಅಲ್ಲಿಂದ ಒಳಗಿನದು ಮನೆಯವರದು. ಹಿಂದೆ ಜಾತಿಯು ಹಾಕಿದ್ದ ಎಲ್ಲೆಯ ಜೊತೆಗೆ ಈಗ ಕಾಯಿದೆಯು ಹಾಕಿದ ಎಲ್ಲೆಯೊಂದು ಸೇರಿತು. ಸಾಮಗ್ರಿಯೂ ಸುಲಭವಾಗಿ ಕೈಗೆ ಬಗ್ಗುವಂತಹುದಲ್ಲ. ಬೀದಿಗಳಲ್ಲಿ ಎರಕದ ಕಬ್ಬಿಣದ ಕೊಳವೆಗಳು. ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಾರ್ಖಾನೆಯು ಮುಂದೆ ಇಂತಹ ಕೊಳವೆಗಳನ್ನು ಸಂಸ್ಥಾನದಲ್ಲಿಯೇ ಎರೆಯತೊಡಗಿತು. ಮನೆಯೊಳಗೆ ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಗಳು. ಅವನ್ನು ಬೇಕಾದ ಅಳತೆಗೆ ಕೊಯ್ದು, ತುದಿಗೆ ತಿರುಪು ಕೊರೆದು, ಸೆಣಬಿನ ನಾರನ್ನು ಬಿಳಿಯ ಬಣ್ಣದ ಗಸಿಯಲ್ಲಿ ಅದ್ದಿ ಸುತ್ತಿ, ದೊಡ್ಡ ಸ್ಪಾನರಿನಿಂದ ಬಿಗಿಯುವುದು ಕಲಿತವರ ಕೆಲಸವೇ. ೧೯೦೬ರಲ್ಲಿ ಅಸ್ತಿಭಾರ ಬಿದ್ದ ಚಾಮರಾಜೇಂದ್ರ ತಾಂತ್ರಿಕ ಶಾಲೆಯಂತಹ ಸಂಸ್ಥೆಗಳೂ, ವಿದ್ಯಾರಣ್ಯಪುರದ ನೆರೆಯ ಅಶೋಕಪುರದ ರೈಲ್ವೆ ಕಾರ್ಯಾಗಾರವೂ ಕಬ್ಬಿಣದ ಕೆಲಸವನ್ನರಿತ ಕೈಗಳನ್ನು ಈ ಊರಿನಲ್ಲಿ ಬೆಳೆಸಿದುವು. ಅಂತಹವನೊಬ್ಬನು ಬೀದಿಯಲ್ಲಿದ್ದರೆ ಅವನೇ ಹೊಸ ಕಾಲದ ಪಾತಾಳಗರಡಿ.

ಮನೆಯವರಿಗೆ ಉಳಿದ ಕೆಲಸವೆಂದರೆ ತೊಟ್ಟಿಕ್ಕುವ ನಲ್ಲಿಗೆ ವಾಷರು ಹಾಕುವುದು. ಒಳಗಿನ ಚಕ್ರಾಕಾರದ ತೊಗಲು ಅಥವಾ ರಬ್ಬರು ಸವೆದಾಗ ತಿರುಪು ಎಷ್ಟು ಬಿಗಿದರೂ ನೀರು ನಿಲ್ಲುವುದಿಲ್ಲ. ಹೆಚ್ಚು ಬಿಗಿದಷ್ಟೂ ಪೀಠವೇ ಕೆಡುತ್ತದೆ. ಬುದ್ಧಿವಂತರು ಹಳೆಯ ಚಪ್ಪಲಿಯ ತೊಗಲನ್ನೋ ಸೈಕಲ್ಲಿನ ಟ್ಯೂಬನ್ನೋ ಗುಂಡಗೆ ಕತ್ತರಿಸಿ ಒಳಗಿಟ್ಟು ಕೆಲಸ ನಡೆಸುತ್ತಿದ್ದರು. ಇದು ಅಲ್ಪವೆಂದು ತೋರಬಹುದು. ಆದರೆ ವಾಷರನ್ನು ತಾವೇ ಬದಲಾಯಿಸಿಕೊಂಡವರಿಗೆ ನೀರನ್ನು ಮೊದಲು ಎಲ್ಲಿ ನಿಲ್ಲಿಸಬೇಕು, ಯಾವ ಕಡೆಗೆ ತಿರುಗಿಸಬೇಕು, ಎಲ್ಲಿ ಬಲ ಹಾಕಬಾರದು ಎಂಬ ಮೂರು ಸ್ಥೂಲಪಾಠಗಳು ತಿಳಿದುವು. ಮುಂದೆ ಪ್ಲಾಸ್ಟಿಕ್ಕಿನ ಕೊಳವೆಗಳು ಬಂದ ಮೇಲೆ ಒಂದು ಗರಗಸವೂ ಒಂದು ಡಬ್ಬಿ ಅಂಟೂ ಇದ್ದರೆ ಕೊಳವೆ ಜೋಡಿಸಬಹುದಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಫಿಟ್ಟರನ ಕೈಯಲ್ಲಿದ್ದ ಕೆಲಸದ ಒಂದು ಭಾಗವು ಹೀಗೆ ಮತ್ತೆ ಗೃಹಸ್ಥನ ಕೈಗೆ ಹಿಂದಿರುಗಿತು.

ಬಿಸಿನೀರಿನ ವಿಷಯದಲ್ಲಿ ನಡೆದುದು ಇದಕ್ಕೆ ವಿಪರೀತ. ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿಗೂ, ೧೯೦೮ರಲ್ಲಿ ಮೈಸೂರಿಗೂ ಬಂದಿತಾದರೂ ಬಹುಕಾಲ ಅದು ದೀಪಕ್ಕೆ ಮಾತ್ರ ಮೀಸಲಾಗಿತ್ತು. ಹಂಡೆಯ ಸ್ಥಾನದಲ್ಲಿ ಮೊದಲು ಬಂದುದು ನಡುವೆ ಹೊಗೆಯ ಕೊಳವೆಯುಳ್ಳ ತಾಮ್ರದ ಬಾಯ್ಲರು. ಅದರಲ್ಲಿ ಉರಿಯು ನೀರಿನ ನಡುವಿನಿಂದಲೇ ಹಾದುಹೋಗುವುದರಿಂದ ಸೌದೆಯ ಉಳಿತಾಯ. ಬಿಸಿನೀರನ್ನು ಮೊಗೆಯುವ ಬದಲು ನಲ್ಲಿಯಿಂದ ಹಿಡಿಯುವ ಅನುಕೂಲ. ಹಂಡೆಯ ಒಲೆಯೂ ವಿದ್ವಾಂಸರ ಕಣ್ಣಿಗೆ ಬೀಳದೆ ಹೋಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ಹಳ್ಳಿಯ ಒಲೆಗಳಲ್ಲಿ ಶಾಖವು ಎಲ್ಲೆಲ್ಲಿ ಪೋಲಾಗುತ್ತದೆಂಬುದನ್ನು ಅಳೆದು, ಸೌದೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿದರು. ಬಿರುಕಿಗೆ ಮಣ್ಣು ಮೆತ್ತುತ್ತಿದ್ದ ಗೃಹಿಣಿಯರಿಗೆ ಅನುಭವದಿಂದ ತಿಳಿದಿದ್ದ ಒಂದಂಶವು, ಗಾಳಿ ಬರುವ ದಾರಿಯೂ ಹೊಗೆ ಹೋಗುವ ದಾರಿಯೂ ಹಿಡಿತದಲ್ಲಿರಬೇಕೆಂಬುದು, ಆ ವಿನ್ಯಾಸದಲ್ಲಿ ಅಳತೆಗೆ ಒಳಪಟ್ಟಿತು.

ಇಂದು ನಗರದ ಮನೆಗಳಲ್ಲಿ ವಿದ್ಯುತ್ತಿನ ಗೀಸರು, ಮಾಳಿಗೆಯ ಮೇಲೆ ಸೌರ ಜಲತಾಪಕ. ನಿರ್ದಿಷ್ಟ ವಿಸ್ತೀರ್ಣವನ್ನು ಮೀರಿದ ಹೊಸ ಮನೆಗಳಿಗೆ ಇದನ್ನು ಕಡ್ಡಾಯಮಾಡಿ ಕರ್ನಾಟಕ ಸರ್ಕಾರವು ೨೦೦೭ರಲ್ಲಿ ಆದೇಶವನ್ನು ಹೊರಡಿಸಿತು. ಇದರ ತತ್ತ್ವ ಸರಳ: ಬಿಸಿಯಾದ ನೀರು ಹಗುರವಾಗಿ ಮೇಲಕ್ಕೇರುತ್ತದೆ, ತಣ್ಣೀರು ಕೆಳಕ್ಕಿಳಿದು ಬಿಸಿಲಿಗೆ ಸಿಕ್ಕುತ್ತದೆ, ಪಂಪಿನ ಅಗತ್ಯವಿಲ್ಲ. ಆದರೆ ಗಡಸುನೀರನ್ನು ಕಾಯಿಸಿದಾಗ ಕೊಳವೆಗಳೊಳಗೆ ಸುಣ್ಣದ ಹೊಪ್ಪಳೆ ಕಟ್ಟುತ್ತದೆ. ಹಂಡೆಯಲ್ಲಿಯೂ ಇದೇ ಹೊಪ್ಪಳೆ ಕಟ್ಟುತ್ತಿತ್ತು. ವರ್ಷಕ್ಕೊಮ್ಮೆ ನೀರು ತುಂಬುವ ಹಬ್ಬದಂದು ಹುಣಿಸೆಹಣ್ಣಿನ ಹುಳಿಗೆ ಅದು ಕರಗಿ ಹೋಗುತ್ತಿತ್ತು. ಮುಚ್ಚಿದ ಗೀಸರಿಗೆ ಕೈ ಹೋಗುವಂತಿಲ್ಲ, ಪಂಚಾಂಗದಲ್ಲಿ ಅದಕ್ಕೊಂದು ದಿನವೂ ಇಲ್ಲ. ವಿದ್ಯುತ್ತು ನೀರು ಎರಡೂ ಕೂಡಿದ ಯಂತ್ರವನ್ನು ಅರಿಯದವರು ಬಿಚ್ಚದಿರುವುದೇ ಕ್ಷೇಮವೆಂಬುದನ್ನೂ ಒಪ್ಪಬೇಕು.

ಇನ್ನು ಉಳಿದುದು ಬಚ್ಚಲಕಲ್ಲಿನಿಂದಾಚೆಯ ಮಾತು. ೧೯೨೭ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹಲವು ತಿಂಗಳು ತಂಗಿದ್ದ ಗಾಂಧೀಜಿಯವರು ತಮ್ಮ ಆಶ್ರಮಗಳಲ್ಲಿ ಪಾಯಿಖಾನೆಯ ಶುದ್ಧಿಯನ್ನು ಪ್ರತಿಯೊಬ್ಬರೂ ಸ್ವತಃ ಮಾಡತಕ್ಕದ್ದೆಂಬ ನಿಯಮವನ್ನಿಟ್ಟಿದ್ದರು. ಜನರು ಅವರನ್ನು ಪೂಜಿಸಿದರು. ಈ ಒಂದು ನಿಯಮವನ್ನು ಮನೆಗೆ ಒಯ್ದವರು ವಿರಳ. ಪರಿವರ್ತನೆಯನ್ನು ತಂದುದು ಉಪದೇಶಕ್ಕಿಂತ ಹೆಚ್ಚಾಗಿ ನೆಲದೊಳಗಿನ ಒಳಚರಂಡಿ ಹಾಗೂ ಆಡಳಿತದ ಆಜ್ಞೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ೧೯೭೦ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯಿದೆ ಬಂದುದು ೧೯೯೩ರಲ್ಲಿ. ಆದರೂ ೨೦೧೦ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಗೆ ಮಲವನ್ನು ಬಳಿದುಕೊಂಡು ಪ್ರತಿಭಟಿಸಬೇಕಾಯಿತು. ಹಳೆಯ ಎಲ್ಲೆಯು ಕಾಯಿದೆಯ ಪುಸ್ತಕದಲ್ಲಿ ಅಳಿಸಿದ ಮಾತ್ರಕ್ಕೆ ಊರುಗಳಲ್ಲಿ ಅಳಿಸಿರಲಿಲ್ಲ.

ಮೈಸೂರಿನ ದಕ್ಷಿಣಭಾಗದ ನೆಲವು ಕಬಿನಿಯ ಕಡೆಗೆ ಇಳಿಜಾರಾಗಿದೆ. ಆದುದರಿಂದ ಆ ಭಾಗದ ಕೊಳೆನೀರೆಲ್ಲ ಸಹಜವಾಗಿಯೇ ವಿದ್ಯಾರಣ್ಯಪುರದ ಕಡೆಗೆ ಹರಿಯುತ್ತದೆ. ಅಲ್ಲಿಯ ಸೂಯೇಜ್ ಫಾರಂ ಎಂಬ ಸ್ಥಳವು, ಹೆಸರೇ ಹೇಳುವಂತೆ, ಊರಿನ ಕೊಳೆನೀರನ್ನು ಭೂಮಿಗೆ ಹಾಯಿಸುತ್ತಿದ್ದ ಹೊಲ. ಹಿತ್ತಲಿನ ಬಾಳೆಗೆ ಬಚ್ಚಲ ನೀರನ್ನು ಬಿಡುವ ಮನೆಯ ಪದ್ಧತಿಯೇ ಅಲ್ಲಿ ನಗರದ ಪ್ರಮಾಣಕ್ಕೆ ಬೆಳೆದಿತ್ತೆನ್ನಬಹುದು. ಈ ಶತಮಾನದ ಆರಂಭದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಮೈಸೂರಿಗೆ ಮೂರು ಶುದ್ಧೀಕರಣ ಘಟಕಗಳಾದುವು. ದಿನಕ್ಕೆ ೬೭.೬೫ ದಶಲಕ್ಷ ಲೀಟರಿನ ವಿದ್ಯಾರಣ್ಯಪುರದ ಘಟಕವೇ ಅವುಗಳಲ್ಲಿ ದೊಡ್ಡದು. ರಾಯನಕೆರೆಯದು ೬೦, ಕೆಸರೆಯದು ೩೦ ದಶಲಕ್ಷ ಲೀಟರು. ವಿಶಾಲವಾದ ಕೊಳಗಳಲ್ಲಿ ನೀರಿಗೆ ಗಾಳಿಯಾಡಿಸಿ, ಕಲ್ಮಷವನ್ನು ಸೂಕ್ಷ್ಮಜೀವಿಗಳಿಗೆ ತಿನ್ನಿಸಿ, ಗಸಿಯನ್ನು ತಳಕ್ಕಿಳಿಸಿ, ತಿಳಿಯನ್ನು ದಳವಾಯಿ ಕೆರೆಯ ಕಡೆಗೆ ಬಿಡುತ್ತಾರೆ. ವಿದ್ಯಾರಣ್ಯರ ಹೆಸರನ್ನು ಹೊತ್ತ ಬಡಾವಣೆಯವರು ಇಡೀ ದಕ್ಷಿಣ ಮೈಸೂರಿನ ಬಚ್ಚಲಿನ ವಾಸನೆಯನ್ನೂ, ಅದೇ ಆವರಣಕ್ಕೆ ತಂದು ಸುರಿದ ಊರಿನ ಕಸದ ರಾಶಿಯನ್ನೂ ಸಹಿಸಬೇಕಾಗಿ ಬಂದಿತು. ದೇಶದ ಅತ್ಯಂತ ಸ್ವಚ್ಛ ನಗರವೆಂಬ ಬಿರುದನ್ನು ಮೈಸೂರು ೨೦೧೬ರಲ್ಲಿ ಪಡೆದಾಗ, ಆ ಬಿರುದಿನ ಭಾರವನ್ನು ಹೊತ್ತ ನೆಲ ಯಾವುದೆಂಬ ಪ್ರಶ್ನೆಯನ್ನು ಕೇಳಿದವರು ಕಡಮೆ.

ನೀರು ಮನೆಯಿಂದ ಇಲ್ಲಿಯವರೆಗೆ ಯಾರ ಕೈಯೂ ಸೋಕದೆ ಬರುತ್ತದೆಯೆಂಬುದು ಕೊಳವೆ ತೆರೆದಿರುವವರೆಗೆ ನಿಜ. ಕಟ್ಟಿಕೊಂಡಾಗ ಹಳೆಯ ಪ್ರಶ್ನೆಯೇ ಮರಳಿ ಏಳುತ್ತದೆ: ಕೈಹಾಕತಕ್ಕವರು ಯಾರು? ೨೦೧೩ರ ಕಾಯಿದೆಯು ಒಳಚರಂಡಿಗೂ ಸೆಪ್ಟಿಕ್ ತೊಟ್ಟಿಗೂ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು ಅಪರಾಧವೆಂದು ಸಾರಿದೆ. ಈ ನಿಷೇಧವು ನಗರಸಭೆಗೆ ಮಾತ್ರವಲ್ಲ, ತನ್ನ ಮನೆಯ ತೊಟ್ಟಿಗೆ ಕೂಲಿಯವನನ್ನು ಇಳಿಸುವ ಗೃಹಸ್ಥನಿಗೂ ಅನ್ವಯಿಸುತ್ತದೆ. ಮುಚ್ಚಿದ ತೊಟ್ಟಿಗಳಲ್ಲಿ ತುಂಬಿಕೊಳ್ಳುವ ವಿಷವಾಯುವಿನಿಂದ ಇಳಿದವನು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಬಹುದು. ಅವನನ್ನು ಎತ್ತಲು ಇಳಿದ ಎರಡನೆಯವನ ಗತಿಯೂ ಅದೇ. ಇಂತಹ ಮರಣಗಳು ಇನ್ನೂ ನಿಂತಿಲ್ಲ. ಆ ಕೆಲಸವು ಹೀರುವ ಯಂತ್ರದ್ದು. ಬಚ್ಚಲಿನಿಂದ ಹೊರಗಿನ ಚೇಂಬರಿನವರೆಗಿನ ಕೆಲವು ಅಡಿಗಳ ಕೊಳವೆಯು ಮಾತ್ರ ಇಂದಿಗೂ ಮನೆಯವರ ಪಾಲಿನದು. ಅದನ್ನು ಬಿಡಿಸುವುದಕ್ಕೆ ಯಾರೂ ಎಲ್ಲಿಗೂ ಇಳಿಯಬೇಕಾಗಿಲ್ಲ. ಕೈಗೆ ರಬ್ಬರಿನ ಚೀಲ ತೊಟ್ಟು, ಜಾಲರಿಯನ್ನು ಎತ್ತಿ, ಸಿಕ್ಕಿದ ಕೂದಲು ಸೋಪುಗಳನ್ನು ತೆಗೆದು, ಬಿದಿರಿನ ಉದ್ದನೆಯ ದಬ್ಬೆಯನ್ನು ಮೆಲ್ಲನೆ ತಳ್ಳಿ ಎಳೆದು, ಎರಡು ಬಕೆಟ್ಟು ಬಿಸಿನೀರು ಹೊಯ್ದರೆ ಸಾಮಾನ್ಯವಾಗಿ ಅದು ತೆರೆದುಕೊಳ್ಳುತ್ತದೆ.